ಬೆನ್ನ ಮೇಲಿನ ಅಂಚು

ಕಳೆದ ತಿಂಗಳು ಹೊಸದುರ್ಗದ ನಮ್ಮ ಕಚೇರಿಗೆ ಒಬ್ಬಾತ ಕಾಡುಜೇನು ಮಾರಲು ಬಂದಿದ್ದ. ಬಾಟಲಿಗಳ ಜೊತೆ, ಸೀರೆಯ ಹರುಕಿನಲ್ಲಿ ಸುತ್ತಿದ ಜೇನುಮೇಣದ ಒಂದು ಗಟ್ಟಿಯೂ ಇತ್ತು. ನೋಡಲು ಬೆಲ್ಲದ ಅಚ್ಚಿನಂತಿತ್ತು. ಎತ್ತಿ ಮೂಗಿನ ಹತ್ತಿರ ಹಿಡಿದೆ. ಸ್ವಲ್ಪ ಹೊಗೆ, ಸ್ವಲ್ಪ ಸಿಹಿ, ಬಿಸಿಲಿಗೆ ಕಾದ ಮರದ ಪೆಟ್ಟಿಗೆ ತೆರೆದಾಗ ಬರುವಂಥ ವಾಸನೆ... ಆಮೇಲೆ ಅವನು ಹೇಳಿದ ಬೆಲೆ ನನ್ನ ಕಿವಿಗೆ ಬೀಳಲಿಲ್ಲ. ಸೂಜಿಗೆ ಪೋಣಿಸುವ ಮೊದಲು ದಾರವನ್ನು ಮೇಣದ ಮೇಲೆ ಎಳೆಯುವ ಸದ್ದು ಕೇಳಿದಂತಾಯಿತು. ಆ ಸದ್ದು ನಾನು ಬೆಳೆದ ಓಣಿಯದು, ಪಕ್ಕದ ಮನೆಯ ಅಜ್ಜಿಯ ಪಡಸಾಲೆಯದು.

ನನಗೆ ಹೈಸ್ಕೂಲಿನಿಂದಲೂ ದಿನಚರಿ ಬರೆಯುವ ಅಭ್ಯಾಸ. ವಾರ, ತಿಥಿ, ಹವೆ, ಮನೆಗೆ ಬಂದುಹೋದವರು, ಆ ದಿನ ಮುಗಿದ ಕೆಲಸ, ಉಳಿದ ಕೆಲಸ. ಆದರೆ ಅಜ್ಜಿಯ ಬಗ್ಗೆ ಹೀಗೆ ಒಂದೇ ಕಡೆ ಕೂತು ಎಂದೂ ಬರೆದಿರಲಿಲ್ಲ. ಬರೆದರೆ ಎಲ್ಲವೂ ಉಳಿದ ಕೆಲಸದ ಸಾಲಿಗೇ ಸೇರುತ್ತದೆ ಎಂಬ ಅಂಜಿಕೆ ಇತ್ತೇನೋ.

ಚಿತ್ರದುರ್ಗದಲ್ಲಿ ಕೋಟೆಯ ಕಡೆಗೆ ಏರುವ ಓಣಿಯೊಂದರಲ್ಲಿ ನಮ್ಮ ಮನೆ. ನಮ್ಮ ಗೋಡೆಗೆ ಗೋಡೆ ತಾಗಿಕೊಂಡು ಅಜ್ಜಿಯ ಮನೆ. ಭರಮಸಾಗರದಿಂದ ಮದುವೆಯಾಗಿ ಬಂದವಳು. ಓಣಿಗೆಲ್ಲ ಅವಳು ಕುಬಸದಜ್ಜಿ. ಕುಬಸ ಎಂದರೆ ನಾವೀಗ ತೊಡುವ ರವಿಕೆಯ ಹಿರಿಯಕ್ಕ. ಅದಕ್ಕೆ ಗುಂಡಿಯಿಲ್ಲ, ಹುಕ್ ಇಲ್ಲ. ಮುಂದಿನ ಎರಡು ತುದಿಗಳನ್ನು ಎದೆಯ ಕೆಳಗೆ ಗಂಟು ಹಾಕಿಕೊಂಡರೆ ಆಯಿತು. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಅದನ್ನು ತೊಡುವವರು ಓಣಿಯಲ್ಲಿ ಯಾರೂ ಉಳಿದಿರಲಿಲ್ಲ. ಅಜ್ಜಿ ಒಬ್ಬಳೇ ತೊಡುತ್ತಿದ್ದಳು, ದಿನ ತೊಡುವ ಸಾದಾ ಹತ್ತಿಯದನ್ನು ತಾನೇ ಕೈಯಲ್ಲಿ ಹೊಲಿದುಕೊಂಡು.

ಕೋಟೆಯಲ್ಲಿ ಪಾಳೆಯಗಾರರ ಕಾಲ ಮುಗಿದ ಮೇಲಿನ ತಲೆಮಾರಿನಲ್ಲಿ, ಅಂದರೆ ಹೆಚ್ಚುಕಡಿಮೆ ಎರಡು ನೂರು ವರ್ಷಗಳ ಹಿಂದೆ, ಅಜ್ಜಿಯ ಮನೆಯ ಸೊಸೆಯೊಬ್ಬಳು ಕೋಟೆ ಕೆಳಗಿನ ಉಳ್ಳವರ ಮನೆಗಳ ಹೆಂಗಸರಿಗೆ ಕುಬಸ ಹೊಲಿಯುತ್ತಿದ್ದಳಂತೆ. ಇದಕ್ಕೆ ನನ್ನಲ್ಲಿ ಪುರಾವೆ ಇಲ್ಲ, ಅಜ್ಜಿಯ ಮಾತಷ್ಟೇ ಇದೆ. ಆ ಸೊಸೆ ಕತ್ತರಿಸುತ್ತಿದ್ದುದು ಎರಡು ಬಗೆ. ಹಗಲಿನದು ದಪ್ಪ ಹತ್ತಿಯದು. ಕುಟ್ಟಲು, ನೀರು ಸೇದಲು ತೋಳು ಎತ್ತಿದರೆ ಹರಿಯಬಾರದೆಂದು ಕಂಕುಳಿಗೆ ಬೇರೆ ಬಟ್ಟೆಯ ತುಂಡು, ಗಿಡ್ಡ ತೋಳು, ಗಟ್ಟಿ ಗಂಟು. ಸಂಜೆಯದು ಖಣದ್ದು, ಅಂದರೆ ಕುಬಸಕ್ಕೆಂದೇ ಎರಡೂ ಬದಿಗೆ ಅಂಚಿಟ್ಟು ನೇಯ್ದ ಬಟ್ಟೆಯದು, ಮೊಣಕೈವರೆಗೆ ಅಂಟಿಕೊಳ್ಳುವ ತೋಳು. ಸಂಜೆ ಹೆಂಗಸರು ಮುಖ ತೊಳೆದು, ಹಗಲಿನ ಕಚ್ಚೆ ಬಿಚ್ಚಿ, ನೆರಿಗೆ ಹಿಡಿದು ಸೀರೆ ಉಟ್ಟು ದೀಪದ ಮುಂದೆ ಕೂರುತ್ತಿದ್ದರು. ಸೆರಗಿಗೆ ಬೆಂಕಿ ತಾಗದಿರಲೆಂದು ಅದನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಆಗ ಮುಖ ದೇವರ ಕಡೆಗೆ, ಬೆನ್ನು ಮನೆಮಂದಿಯ ಕಡೆಗೆ.

"ಅದಕ್ಕೇ ಶೋಕಿಯೆಲ್ಲ ಬೆನ್ನಾಗೆ ಇರ್ತಿತ್ತವ್ವ," ಎನ್ನುತ್ತಿದ್ದಳು ಅಜ್ಜಿ. "ಮುಂದ್ಗಡೆ ಏನೈತೆ, ಬರೀ ಗಂಟು."

ಆ ಶೋಕಿ ಇದ್ದದ್ದು ಹೀಗೆ: ಖಣದ ಎರಡೂ ಬದಿಯ ಕೆಂಪು ಅಂಚುಗಳು ಎರಡು ಹೆಗಲಿನಿಂದ ಓರೆಯಾಗಿ ಇಳಿದು, ಬೆನ್ನ ನಡುವೆ ಒಂದು ಚೂಪಿನಲ್ಲಿ ಕೂಡುತ್ತಿದ್ದವು. ಅಲ್ಲಿ ಬೆರಳಗಲದ ಸಣ್ಣ ಸಣ್ಣ ತುಂಡುಗಳು ಒಂದರ ಮಗ್ಗುಲಿಗೊಂದು ಸೇರಿಕೊಂಡಿರುತ್ತಿದ್ದವು. ಅಂಚಿನ ಗೆರೆ ಎಲ್ಲೂ ತುಂಡಾದಂತೆ ಕಾಣುತ್ತಿರಲಿಲ್ಲ.

ಅಜ್ಜಿಯ ಮನೆಯಲ್ಲಿ ಒಂದು ಪದ್ಧತಿಯಿತ್ತು. ಹೊಸ ಸೊಸೆ ಬಂದಾಗ ಅತ್ತೆ ತನ್ನ ಸಂಜೆ ಕುಬಸದ ಹೊಲಿಗೆ ಬಿಚ್ಚುವಳು. ಒಳಗಿನ ಹತ್ತಿಯ ಅಸ್ತರಿನ ತುಂಡುಗಳನ್ನು ಹೊಸ ಬಟ್ಟೆಯ ಮೇಲೆ ಹಾಸಿ, ಅದೇ ಅಳತೆಗೆ ಕತ್ತರಿಸಿ, ಸೊಸೆಗೆ ಹೊಸ ಕುಬಸ ಹೊಲಿಯುವಳು. ಸೊಸೆ ಅದನ್ನು ಮೊದಲ ಸಲ ತೊಟ್ಟ ಸಂಜೆ ಹಳೆಯ ಅಸ್ತರನ್ನು ಹರಿದು ಹೊಸೆದು ದೀಪಕ್ಕೆ ಬತ್ತಿ ಮಾಡುವರು. ಬಟ್ಟೆ ಹೋದರೂ ಕತ್ತರಿಯ ಹೊಡೆತ ಒಬ್ಬಳ ಮೈಯಿಂದ ಇನ್ನೊಬ್ಬಳ ಮೈಗೆ ದಾಟಿರುತ್ತಿತ್ತು. ಅದು ಎಂದೂ ತಪ್ಪಿರಲಿಲ್ಲ, ಏಕೆಂದರೆ ತೊಡಲು ಯಾವಾಗಲೂ ಒಬ್ಬಳು ಇರುತ್ತಿದ್ದಳು.

ತಪ್ಪಿದ್ದು ಅಜ್ಜಿಯ ಸೊಸೆಯ ಕಾಲಕ್ಕೆ. ಸೊಸೆಯನ್ನು ನಾನು ಅಕ್ಕ ಎನ್ನುತ್ತೇನೆ. ಗಂಡ ಲಾರಿ ಓಡಿಸುತ್ತಾನೆ, ಅವಳು ಮನೆಯಲ್ಲೇ ಮಿಷನ್ ಇಟ್ಟುಕೊಂಡು ಬ್ಲೌಸು, ನೈಟಿ, ಸೀರೆಗೆ ಫಾಲ್ಸ್ ಹೊಲಿಯುತ್ತಾಳೆ. ಮದುವೆಯಾಗಿ ಬಂದ ಹೊಸದರಲ್ಲಿ ಕುಬಸ ತೊಡುವುದಿಲ್ಲವೆಂದು ಹಟ ಹಿಡಿದಳಂತೆ. ಆ ಜಗಳ ನನ್ನ ಕಾಲದವರೆಗೂ ಬಂದು, ಅಷ್ಟು ಹೊತ್ತಿಗೆ ತಮಾಷೆಯಾಗಿತ್ತು.

"ಗಂಟು ಬಿಚ್ಚಿದ್ರೆ ನನ್ನ ಮಾನ ಯಾರು ಹಿಡ್ಕಂತಾರೆ ಅತ್ತೆ?" ಎಂದು ಅಕ್ಕ ಮಿಷನ್ ತುಳಿಯುತ್ತಲೇ ಕೆಣಕುತ್ತಿದ್ದಳು.

"ನಿನ್ನ ಹುಕ್ಕೇನು ಭಾರಿ ಕಾವಲು ಕಾಯ್ತಾವೇನೆ? ಹೋದ ಶುಕ್ರಾರ ಕಿತ್ತೋಗಿ ಪಿನ್ನು ಚುಚ್ಕಂಡಿದ್ದೆಲ್ಲ, ನಾ ನೋಡಿಲ್ವಾ?"

ನಗುತ್ತಿದ್ದರು ಇಬ್ಬರೂ. ನಕ್ಕಾದ ಮೇಲೆ ಅಜ್ಜಿ ಮತ್ತೆ ದಾರಕ್ಕೆ ಮೇಣ ಹಚ್ಚುತ್ತಿದ್ದಳು...

ನಾನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಗ ನಮ್ಮ ಕಾಲೇಜಿನಲ್ಲಿ ಹಳೆಯ ವಸ್ತುಗಳಿಗೆಂದು ಒಂದು ಕೋಣೆ ಮಾಡಿದರು. ಒರಳು, ಬೀಸುಕಲ್ಲು, ತೊಟ್ಟಿಲು, ಲಾಟೀನು ಎಲ್ಲ ಸೇರಿದವು. ಇತಿಹಾಸದ ಮೇಡಮ್ಮಿಗೆ, ಎರಡು ನೂರು ವರ್ಷಗಳ ಹಿಂದೆ ನಮ್ಮೂರಿನ ಹೆಂಗಸರು ಹಗಲು ಹೇಗೆ, ಸಂಜೆ ಹೇಗೆ ಉಡುತ್ತಿದ್ದರು ಎಂದು ತೋರಿಸಬೇಕೆಂಬ ಆಸೆ. ನಾನು ಪಕ್ಕದ ಮನೆಯ ಅಜ್ಜಿಯ ವಿಷಯ ಹೇಳಿದೆ. ಆ ಶನಿವಾರವೇ ಅವರು ಬಂದರು.

"ಕುಂತ್ಕಳ್ರಿ ಮೇಡಮ್ಮರೇ. ಚಾಪೆ ಮ್ಯಾಲೆ ಕುಂತ್ಕಳ್ರಿ, ಆ ಕುರ್ಚಿ ಕಾಲು ಅಲ್ಲಾಡ್ತೈತೆ," ಎಂದಳು ಅಜ್ಜಿ.

ಮೇಡಮ್ ಒಳ್ಳೆಯವರು. ಚಾಪೆಯ ಮೇಲೇ ಕೂತು ಎಲ್ಲ ಕೇಳಿಸಿಕೊಂಡರು. "ನಮಗೆ ಎರಡೂ ಬೇಕು ಅಜ್ಜಿ. ಗೊಂಬೆಗೆ ಉಡಿಸಿ ಗಾಜಿನೊಳಗೆ ನಿಲ್ಲಿಸ್ತೀವಿ. ನಮ್ಮ ಕಾಲ ಮುಗಿದ್ರೂ ಅದು ಇರುತ್ತೆ," ಎಂದರು.

"ಗೊಂಬೆಗಾ?"

ಅಕ್ಕ ಮಿಷನ್ ನಿಲ್ಲಿಸಿದಳು. "ಕೊನೆಗೂ ನಿಮಗೊಬ್ಳು ಸೊಸೆ ಸಿಕ್ಕಳಲ್ಲ ಅತ್ತೆ!"

"ಸಿಗ್ಲಿ ಬಿಡೇ," ಎಂದಳು ಅಜ್ಜಿ. "ಈಕಿಯಾದ್ರೂ ಬ್ಯಾಡ ಅನ್ನಲ್ಲ."

ಮೇಡಮ್ ಹೋದ ಮೇಲೆ ಅಜ್ಜಿ ಬಹಳ ಹೊತ್ತು ಬಾಗಿಲಲ್ಲೇ ನಿಂತಿದ್ದಳು. ಅವಳ ಒಂದು ಕಣ್ಣಿಗೆ ಪೊರೆ ಬಂದಿತ್ತು, ಇನ್ನೊಂದಕ್ಕೂ ಬರುತ್ತಿತ್ತು. "ಕಣ್ಣು ಹೋಗೋದ್ರೊಳಗೆ ಆಗ್ಬೇಕು ಕಣವ್ವ," ಎಂದಳು. "ಗಾಜಿನಾಗೆ ಇತ್ತು ಅಂದ್ರೆ, ನಾ ಸತ್ತ ಮ್ಯಾಲೂ ನೋಡಿದಾಕಿ ಯಾರಾರ ಒಬ್ಳು ಕಲೀತಾಳೆ. ಒಬ್ಳು ಸಾಕು."

ಆ ಮಳೆಗಾಲವೆಲ್ಲ ಅವಳು ಹೊಲಿದಳು. ಮೊದಲು ಹಗಲಿನದು. ಅದು ಸುಲಭ, ಬೇಗ ಮುಗಿಯಿತು. ಆಮೇಲೆ ಪೆಟ್ಟಿಗೆಯಿಂದ ತನ್ನ ಸಂಜೆ ಕುಬಸ ತೆಗೆದಳು. ಖಣ ಸೋತು ಜಾಳುಜಾಳಾಗಿತ್ತು. ಬಿಚ್ಚುವ ಮೊದಲು ಕಾಗದದ ಮೇಲೆ ಅಚ್ಚು ತೆಗೆದಿಡೋಣವೇ ಎಂದು ಕೇಳಿದೆ.

"ಕಾಗ್ದ ಬಾಗಲ್ಲವ್ವ, ಬಟ್ಟೆ ಬಾಗ್ತೈತೆ. ನಮ್ಮತ್ತೆನೂ ಬಿಚ್ಚೇ ಹೊಲ್ದಿದ್ದು, ಅವರತ್ತೆನೂ ಬಿಚ್ಚೇ ಹೊಲ್ದಿದ್ದು. ಬಿಚ್ಚದೆ ಕಾಣ್ತೈತೇನು ಒಳಗೇನೈತೆ ಅಂತ?"

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ನಾನು ಕೂತು ಅಳತೆಗಳನ್ನು ಬರೆದುಕೊಂಡೆ. ಎಲ್ಲವೂ ಗೇಣು, ಬೆರಳುಗಳ ಲೆಕ್ಕ. ಆ ಗೇಣು, ಆ ಬೆರಳು ಅವಳವು. ಇವತ್ತು ಆ ಹಾಳೆ ತೆರೆದರೆ ಅಂಕಿಗಳಿವೆ, ಅಳೆಯುವ ಕೈಯಿಲ್ಲ.

ಅಳತೆಗೆ ಒಂದು ಮೈ ಬೇಕಿತ್ತು. ಗೊಂಬೆ ಇನ್ನೂ ಬಂದಿರಲಿಲ್ಲ. ಅಕ್ಕ ಕೈಯಾಡಿಸಿ ತಪ್ಪಿಸಿಕೊಂಡಳು. ನನ್ನನ್ನೇ ನಿಲ್ಲಿಸಿದರು. ಕಾರ್ತಿಕದ ಒಂದು ಸೋಮವಾರ, ಸಂಜೆಯ ಕುಬಸ ಮುಗಿಯಿತು. ಅಜ್ಜಿ ನನಗೆ ಅದನ್ನು ತೊಡಿಸಿ, ಎದೆಯ ಕೆಳಗೆ ಗಂಟು ಹಾಕಿ, ತನ್ನದೇ ಒಂದು ಸೀರೆ ಉಡಿಸಿ, ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಹಳೆಯ ಅಸ್ತರಿನ ತುಂಡುಗಳನ್ನು ಅವಳೇ ಹರಿದು, ತೊಡೆಯ ಮೇಲೆ ಹೊಸೆದು ಬತ್ತಿ ಮಾಡಿದಳು. ನಾನು ದೀಪ ಹಚ್ಚಿ ಕೂತೆ. ಹಿಂದೆ ಅಜ್ಜಿ, ಅಕ್ಕ, ನಮ್ಮಮ್ಮ.

ಆಮೇಲೆ ಅಕ್ಕನ ದನಿ, ಮೆಲ್ಲಗೆ: "ಅಯ್ಯೋ ಅತ್ತೆ... ಇಷ್ಟು ಚೆಂದ ಇರ್ತೈತೆ ಅಂತ ಅವತ್ತೇ ಯಾಕೆ ಹೇಳ್ಲಿಲ್ಲ?"

"ಹೇಳೋದೇನೈತೆ? ಹಾಕ್ಕಂಡಿದ್ರೆ ನಿನ್ನ ಗಂಡ ಹೇಳ್ತಿದ್ದ."

ಅಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ನನ್ನ ಬೆನ್ನು ನನಗೆ ಕಾಣಲಿಲ್ಲ. ಮನೆಯಲ್ಲಿದ್ದದ್ದು ಅಂಗೈಯಗಲದ ಕನ್ನಡಿ. ಅಕ್ಕ ಮೊಬೈಲು ಹಿಡಿದು, "ಲೇ, ಮುಖ ಈ ಕಡೆ ತಿರುಗ್ಸು, ನಗು," ಎಂದಳು. ತಿರುಗಿದೆ, ನಕ್ಕೆ. ಆ ಫೋಟೋ ಈಗಲೂ ಇದೆ. ಅದರಲ್ಲಿ ನನ್ನ ಮುಖವಿದೆ, ಗಂಟು ಇದೆ.

ಮಂಗಳವಾರ ಎರಡೂ ಕುಬಸಗಳನ್ನು ಕಾಲೇಜಿಗೆ ಕೊಟ್ಟು ಬಂದೆ. ಕೋಣೆಯ ಉದ್ಘಾಟನೆ ಬುಧವಾರ. ಅಜ್ಜಿ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ನಮ್ಮ ಮನೆ ಬಾಗಿಲಿಗೆ ಬಂದಳು. "ಹೋಗಾಣ ನಡಿಯವ್ವ, ನನ್ನ ಸೊಸೆನ ನೋಡಾಣ," ಎಂದಳು. ಅಕ್ಕನೂ ಮಿಷನ್ನಿಗೆ ಬಟ್ಟೆ ಮುಚ್ಚಿ ಹೊರಟಳು. ಆಟೋದಲ್ಲಿ ಮೂವರೂ ಹೋದೆವು.

ಗೊಂಬೆಗಳನ್ನು ಸೀರೆ ಅಂಗಡಿಯೊಂದರಿಂದ ತಂದಿದ್ದರು. ಬಿಳಿ ಬಣ್ಣದ ಫೈಬರಿನವು, ನನಗಿಂತ ಒಂದು ತಲೆ ಎತ್ತರ, ಎದೆ ಮುಂದೆ ಮಾಡಿ ಒಂದು ಕೈ ಸೊಂಟದ ಮೇಲಿಟ್ಟು ನಿಂತವು. ಉಡಿಸಲು ಅಂಗಡಿಯಾತನೇ ಬಂದಿದ್ದ. ನಾವು ಒಳಗೆ ಹೋದಾಗ ಎರಡೂ ಗೊಂಬೆಗಳು ಬಾಗಿಲಿಗೆ ಮುಖ ಮಾಡಿ ನಿಂತಿದ್ದವು. ಸಂಜೆಯ ಗೊಂಬೆಯ ಪಕ್ಕದಲ್ಲಿ ಹಿತ್ತಾಳೆಯ ದೀಪ. ಮುಂದಿನ ಗಂಟು ಬಿಗಿಯಾಗಿ, ಸುಕ್ಕಿಲ್ಲದೆ ಕೂತಿತ್ತು. ಗಾಜು ಇನ್ನೂ ಕೂರಿಸಿರಲಿಲ್ಲ.

ಅಜ್ಜಿ ಮುಂದಿನದನ್ನು ನೋಡಲೇ ಇಲ್ಲ. ನೇರ ಗೊಂಬೆಯ ಹಿಂದಕ್ಕೆ ಹೋದಳು. ಕಣ್ಣು ಸಾಲದೆ ಕೈಯಿಂದ ಸವರಿದಳು. ಕೈ ಬೆನ್ನ ನಡುವೆ ನಿಂತಿತು.

ಬೆನ್ನನ್ನು ಮೇಲಿನಿಂದ ಕೆಳಗಿನವರೆಗೆ ಕತ್ತರಿಸಿದ್ದರು. ನಡುವಿನಿಂದ ಒಂದು ಪಟ್ಟಿಯನ್ನೇ ತೆಗೆದು, ಎರಡು ಬದಿಯನ್ನೂ ಎಳೆದು, ಸಾಲಾಗಿ ಪಿನ್ನು ಚುಚ್ಚಿದ್ದರು. ಅಂಚುಗಳು ಹೆಗಲಿನಿಂದ ಇಳಿದು ಬಂದು, ಕೂಡಬೇಕಾದ ಜಾಗದಲ್ಲಿ ತುಂಡಾಗಿ ನಿಂತಿದ್ದವು.

ಅಂಗಡಿಯಾತ ಪಕ್ಕದಲ್ಲೇ ಇದ್ದ. ಅವನಿಗೆ ತಾನು ಮಾಡಿದ್ದರಲ್ಲಿ ಏನೂ ಹೆಚ್ಚುಕಡಿಮೆ ಕಂಡಿರಲಿಲ್ಲ. "ಗೊಂಬೆ ಕೈ ಮಡಚಲ್ಲ ನೋಡ್ರಜ್ಜಿ, ಗಂಟು ಬಿಚ್ಚಿದ್ರೂ ತೋಳು ಏರಲ್ಲ, ಹಿಂದೆ ಸೀಳದೆ ಹಾಕಾಕಾಗಲ್ಲ. ಮೈ ಸಣ್ಣದು, ಸಡಿಲಾಗಿದ್ದಷ್ಟು ತೆಗ್ದೆ. ನಮ್ಮ ಅಂಗಡಿಯಾಗೆ ಎಲ್ಲಾ ಬ್ಲೌಸೂ ಹಿಂಗೇ ಮಾಡೋದು. ಬೆನ್ನು ಯಾರು ನೋಡ್ತಾರೆ? ಮುಂದ್ಗಡೆ ನೋಡ್ರಿ, ಎಷ್ಟು ನೀಟಾಗಿ ಕುಂತೈತೆ," ಎಂದ.

"ತೆಗ್ದಿದ್ದು ಎಲ್ಲೈತಪ್ಪ?"

"ಯಾವ್ದು?"

"ನಡುವಿಂದು. ಪಟ್ಟಿ."

"ಅದಾ... ಗುಡಿಸಿದ್ರಲ್ಲ, ಬೆಳಿಗ್ಗೆನೇ."

ಅಷ್ಟರಲ್ಲಿ ಮೇಡಮ್ ಬಂದರು. ಹಿಂದೆ ಹೋಗಿ ನೋಡಿ ಅವರ ಮುಖ ಇಳಿದುಹೋಯಿತು. "ನನಗೆ ಗೊತ್ತಾಗ್ಲಿಲ್ಲ ಅಜ್ಜಿ. ಈಗಲೇ ಬಿಚ್ಚಿಸಿ ಕೊಡ್ತೀನಿ, ತಗೊಂಡು ಹೋಗಿ. ಉದ್ಘಾಟನೆ ಹಾಳಾದ್ರೆ ಆಗಲಿ," ಎಂದರು. ಹೊರಗೆ ಅತಿಥಿಗಳ ಕಾರು ಬಂದು ನಿಂತಿತ್ತು. ವಿದ್ಯಾರ್ಥಿಗಳು ಬಾಗಿಲ ತುಂಬ ಸೇರಿದ್ದರು.

ಅಜ್ಜಿ ತಲೆ ಅಲ್ಲಾಡಿಸಿದಳು. "ಎಲ್ಲರೆದುರಿಗೆ ಬಿಚ್ಚುಸ್ತೀರೇನ್ರಿ? ಗೊಂಬೆಯಾದ್ರೇನು, ಹೆಣ್ಣಿನ ರೂಪಲ್ವಾ? ಬ್ಯಾಡ. ಹಾಕ್ಕಂಡೈತೆ, ಇರ್ಲಿ."

ಭಾಷಣ ಮುಗಿದು, ಶಾಲು ಹೊದಿಸಲು ಅವಳನ್ನು ಕರೆದರು. ಹೋಗಿ ಹೊದಿಸಿಕೊಂಡು ಬಂದಳು. ಆಟೋದಲ್ಲಿ ಅಕ್ಕ, "ಇನ್ನೊಂದು ಹೊಲಿಯಾಣ ಅತ್ತೆ. ನಾ ಹಾಕ್ಕಂತೀನಿ. ಆಣೆ ಮಾಡಿ ಹೇಳ್ತೀನಿ, ನಾ ಹಾಕ್ಕಂತೀನಿ," ಎಂದು ದಾರಿಯುದ್ದಕ್ಕೂ ಹೇಳಿದಳು. ಅಜ್ಜಿ ಅವಳ ಕೈ ತಟ್ಟಿದಳು.

ಅಜ್ಜಿ ಪ್ರಯತ್ನಿಸದೆ ಇರಲಿಲ್ಲ. ಅಕ್ಕ ಹೊಸ ಖಣ ತಂದಳು. ಅದನ್ನು ಹಾಳುಮಾಡಬಾರದೆಂದು ಅಜ್ಜಿ ಮೊದಲು ಹಳೆಯ ದಿಂಬಿನ ಚೀಲಗಳ ಮೇಲೆ ಕತ್ತರಿ ಆಡಿಸಿದಳು. ತೋಳು ಬಂತು, ಹೆಗಲು ಬಂತು. ಬೆನ್ನ ನಡುವಿಗೆ ಬಂದಾಗ ಕೈ ತಡವರಿಸುತ್ತಿತ್ತು. ಬೆರಳ ಕೆಳಗೆ ಹಳೆಯ ತುಂಡು ಇದ್ದರೆ ಅವಳ ಕೈಗೆ ದಾರಿ ಗೊತ್ತಿತ್ತು. ಆ ಅಸ್ತರು ಬತ್ತಿಯಾಗಿ ಉರಿದುಹೋಗಿತ್ತು, ಮೇಲಿನ ಸೋತ ಖಣ ಬಿಚ್ಚುವಾಗಲೇ ಎಳೆಎಳೆಯಾಗಿತ್ತು. ಬರೀ ನೆನಪಿನಿಂದ ಅವಳು ಅದನ್ನು ಎಂದೂ ಕತ್ತರಿಸಿರಲಿಲ್ಲ. ಅವಳ ಅತ್ತೆಯೂ ಕತ್ತರಿಸಿರಲಿಲ್ಲ. ನಾನು ಬರೆದಿಟ್ಟ ಅಳತೆ ಓದಿ ಹೇಳಿದರೆ ಉದ್ದಗಲ ಸಿಕ್ಕಿತು, ಬಾಗು ಸಿಗಲಿಲ್ಲ. ಕಾಲೇಜಿನಿಂದ ಕುಬಸ ತರಿಸಿ ನೋಡೋಣವೆಂದರೆ, ಬೇಕಾದ ತುಂಡುಗಳೇ ಅದರಲ್ಲಿರಲಿಲ್ಲ. ಎರಡೂ ಕಡೆಯಿಂದ ಅಂಚು ಹಿಡಿದು ತರುವಳು, ಕೊನೆಗೆ ಒಂದು ಮೇಲೆ, ಒಂದು ಕೆಳಗೆ...

"ಮೂಲೆ ಕೂಡ್ತಿಲ್ಲವ್ವ," ಎನ್ನುವಳು. ಬಿಚ್ಚುವಳು. ಮತ್ತೆ ಕೂರುವಳು.

ಒಂದು ದಿನ ಅಕ್ಕ ಸಂತೆಯಿಂದ ಬಂದಾಗ ಅಜ್ಜಿ ಕತ್ತರಿಯನ್ನು ಅವಳ ಮಿಷನ್ನಿನ ಡ್ರಾಯರಿನಲ್ಲಿ ಇಟ್ಟು ಮುಚ್ಚಿದ್ದಳು. ಹೊಸ ಖಣವನ್ನು ನನ್ನ ಕೈಗೆ ಕೊಟ್ಟು, "ಅಕ್ಕನ ಹತ್ರ ಬ್ಲೌಸು ಹೊಲಿಸ್ಕೋ. ಹುಕ್ಕೇ ಹಾಕಿಸ್ಕೋ," ಎಂದಳು. ಆಮೇಲೆ ಅವಳು ಸೂಜಿ ಮುಟ್ಟಿದ್ದನ್ನು ನಾನು ನೋಡಲಿಲ್ಲ. ಹಗಲೂ ಸಂಜೆಯೂ ಒಂದೇ ಸೀರೆಯಲ್ಲಿ ಕೂತಿರುತ್ತಿದ್ದಳು. ದೀಪವನ್ನು ಅಕ್ಕ ಹಚ್ಚುತ್ತಿದ್ದಳು. ಮುಂದಿನ ಯುಗಾದಿಗೆ ಮೊದಲೇ ಅಜ್ಜಿ ಹೋದಳು. ಅವಳಿಗೆ ಕೊನೆಯ ಸ್ನಾನ ಮಾಡಿಸಿದ ಹೆಂಗಸರಲ್ಲಿ ಗಂಟು ಹಾಕುವುದು ಯಾರಿಗೂ ಸರಿಯಾಗಿ ಬರಲಿಲ್ಲ. ಅಕ್ಕ ಅಳುತ್ತಾ ಹಾಕಿದಳು, ಜಾರಿತು, ಮತ್ತೆ ಹಾಕಿದಳು.

ನಾನು ಕೆಲಸ ಸಿಕ್ಕಿ ಹೊಸದುರ್ಗಕ್ಕೆ ಬಂದೆ. ಕಾಲೇಜಿನ ಕೋಣೆ ಈಗಲೂ ಇದೆಯಂತೆ. ಪಿನ್ನು ಚೆನ್ನಾಗಿ ಕಾಣುವುದಿಲ್ಲವೆಂದು ಯಾರೋ ಆ ಸೀಳಿಗೆ ಪಟ್ಟಿ ಕೊಟ್ಟು ಹುಕ್ ಹಾಕಿಸಿದ್ದಾರೆ. ಮೇಡಮ್ ವರ್ಗವಾಗಿ ಹೋಗಿದ್ದಾರೆ. ಗೊಂಬೆಯ ಕಾಲ ಬಳಿ 'ಎರಡು ನೂರು ವರ್ಷಗಳ ಹಿಂದಿನ ಸಂಜೆಯ ಉಡುಪು' ಎಂಬ ಫಲಕವಿದೆ.

ಹೋದ ವಾರ ಅಕ್ಕ ಫೋನು ಮಾಡಿದಳು. ಹೊಳಲ್ಕೆರೆಯ ಒಂದು ಶಾಲೆಯಲ್ಲಿ ಕಾರ್ಯಕ್ರಮ, ಹುಡುಗಿಯರು ಹಳೆಯ ಕಾಲದ ಹೆಂಗಸರಾಗಿ ವೇದಿಕೆಗೆ ಬರುತ್ತಾರಂತೆ. ಅಲ್ಲಿಯ ಟೀಚರು ಕಾಲೇಜಿಗೆ ಹೋಗಿ ಗೊಂಬೆಯನ್ನು ಹಿಂದೆ ಮುಂದೆ ಎಲ್ಲ ಫೋಟೋ ತೆಗೆದು ತಂದು, ಕುಬಸ ಹೊಲಿಯಲು ಅಕ್ಕನಿಗೇ ಕೊಟ್ಟಿದ್ದರು.

"ಹಿಂದೆ ಹಂಗಿರಲ್ಲ ಅಂತ ಹೇಳ್ದೆ ಕಣೆ," ಎಂದಳು ಅಕ್ಕ. "ಮತ್ತೆ ಹೆಂಗಿರ್ತೈತೆ, ತೋರಿಸ್ರಿ ಅಂದ್ರು. ಏನಂತ ತೋರಿಸ್ಲಿ? ಫೋಟೋದಾಗೆ ಹೆಂಗೈತೋ ಹಂಗೇ ಹೊಲಿಯವ್ವ ಅಂದ್ರು. ಹೊಲ್ದೆ."

ಭಾನುವಾರ ಅವಳ ಜೊತೆ ಹೊಳಲ್ಕೆರೆಗೆ ಹೋದೆ. ವೇದಿಕೆಯ ಪಕ್ಕದ ಕೋಣೆಯಲ್ಲಿ ಹುಡುಗಿಯರು ಗದ್ದಲ ಎಬ್ಬಿಸಿದ್ದರು. ಖಣದ ಕುಬಸಗಳು ಹೊಸ ಬಣ್ಣದಲ್ಲಿ ಹೊಳೆಯುತ್ತಿದ್ದವು. ಪ್ರತಿ ಬೆನ್ನ ಮೇಲೂ ಎರಡು ಹೆಗಲಿನಿಂದ ಇಳಿದು ಬಂದ ಕೆಂಪು ಅಂಚು, ನಡುವಿನಲ್ಲಿ ಕಡಿದು ನಿಂತ ಅಂಚು, ಅಲ್ಲೊಂದು ಹುಕ್ಕಿನ ಪಟ್ಟಿ. ಅಕ್ಕ ನನ್ನ ಮುಖ ನೋಡಲಿಲ್ಲ. ಒಬ್ಬಳ ನೆರಿಗೆ ಹಿಡಿಯುತ್ತಾ ಕೂತಿದ್ದಳು.

ಒಂದು ಹುಡುಗಿ ಓಡಿಬಂದು ನನ್ನ ಮುಂದೆ ಬೆನ್ನು ಮಾಡಿ ನಿಂತಳು.

"ಅಕ್ಕಾ, ಬೇಗ ಹುಕ್ ಹಾಕ್ರಿ. ನಮ್ದೇ ಮುಂದಿನ್ದು."

ಹಾಕಿದೆ.

"ಸರಿಯಾಗೈತಾ? ಆಗಿನವ್ರ ತರನೇ ಕಾಣ್ತೈತಾ?"

"ಕಾಣ್ತೈತೆ," ಎಂದೆ. ಅವಳು ವೇದಿಕೆಗೆ ಓಡಿದಳು.